ಸೆತ್ತ ಕಾಲೇಜಿನ ಅಂಗಳದಲ್ಲಿ ಪ್ಯಾಂಟೊ: ಚೆನ್ನೈ ಮ್ಯೂಸಿಯಂ ಥಿಯೇಟರ್ ಪ್ರಕರಣ

ಚೆನ್ನೈನ ಎಗ್ಮೋರ್‌ನಲ್ಲಿ ಪ್ಯಾಂಥಿಯನ್ ರೋಡ್ ಅಂತ ಒಂದು ರಸ್ತೆ ಇದೆ. ಅಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ಹಳೆಯ ಮದ್ರಾಸಿನ ಜನ ಅದನ್ನು 'ಸೆತ್ತ ಕಾಲೇಜ್' ಅನ್ನುತ್ತಿದ್ದರು. ತಮಿಳಿನ 'ಸೆತ್ತ' ನಮ್ಮ 'ಸತ್ತ'ವೇ. ಒಳಗೆ ಹೊಟ್ಟು ತುಂಬಿ ನಿಲ್ಲಿಸಿದ ಪ್ರಾಣಿಗಳು, ತಿಮಿಂಗಿಲದ ಅಸ್ಥಿಪಂಜರ, ಅಮರಾವತಿಯಿಂದ ತಂದ ಒಡೆದ ಶಿಲ್ಪಗಳು. ಜೀವಂತ ಪ್ರಾಣಿಗಳಿದ್ದ ಝೂಗೆ 'ಉಯಿರ್ ಕಾಲೇಜ್' ಅನ್ನೋ ಹೆಸರು. ಈ ಎರಡು ಹೆಸರು ಇಟ್ಟ ಜನರ ಮೇಲೆ ನನಗೆ ತುಂಬ ಪ್ರೀತಿ.

ಆ ಕಾಂಪೌಂಡಿನಲ್ಲೇ ದುಂಡು ಮೈಯ ಒಂದು ಕಟ್ಟಡ ಇದೆ. ಅದು ಮ್ಯೂಸಿಯಂ ಥಿಯೇಟರ್, 1896ರದ್ದು. ವರ್ಷದ ಕೊನೆಗೆ, ಕ್ರಿಸ್‌ಮಸ್ ಆಸುಪಾಸಿನಲ್ಲಿ, 'ದಿ ಲಿಟಲ್ ಥಿಯೇಟರ್' ಅನ್ನೋ ಚೆನ್ನೈ ತಂಡ ಇಲ್ಲಿ ಇಂಗ್ಲಿಷ್ ಪ್ಯಾಂಟೊಮೈಮ್, ಅಂದರೆ 'ಪ್ಯಾಂಟೊ' ಅನ್ನೋ ಹಾಡು, ಹಾಸ್ಯ, ಕೂಗಾಟದ ನಾಟಕ, ಆಡುತ್ತಾ ಬಂದಿದೆ. ಆಯೇಷಾ ರಾವ್ ಅವರು 1991ರಲ್ಲಿ ಮಕ್ಕಳಿಗಾಗಿ ಶುರು ಮಾಡಿದ ತಂಡ ಅದು. ಒಂದು ಡಿಸೆಂಬರ್‌ನಲ್ಲಿ ನಾನು ಅಕ್ಕನ ಮಗಳನ್ನು ಕರೆದುಕೊಂಡು ಹೋದೆ. ಆಗ ಅವಳಿಗೆ ಏಳು ವರ್ಷ. ಇಂಗ್ಲಿಷ್ ಅರ್ಧಂಬರ್ಧ ಬರುತ್ತಿತ್ತು. ತಮಿಳು ಬರುತ್ತಲೇ ಇರಲಿಲ್ಲ. ಮೊದಲ ಹತ್ತು ನಿಮಿಷ ನನ್ನ ತೋಳು ಹಿಡಿದುಕೊಂಡು ಕೂತಿದ್ದಳು. ಆಮೇಲೆ ವೇದಿಕೆ ಮೇಲೆ ಕೆಟ್ಟವನು ಮೆಲ್ಲಗೆ ಹಿಂದಿನಿಂದ ಬಂದ. ಇಡೀ ಹಾಲ್ ಕೂಗಿತು. ಇವಳು ಎದ್ದು ನಿಂತು, 'ಅಂಕಲ್, ಹಿಂದೆ ನೋಡಿ! ಹಿಂದೆ!' ಅಂತ ಕನ್ನಡದಲ್ಲೇ ಕಿರುಚಿದಳು. ಪಕ್ಕದ ಸೀಟಿನ ಹುಡುಗ 'ಪಿನ್ನಾಡಿ! ಪಿನ್ನಾಡಿ!' ಅಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಇನ್ನೂ ಜೋರಾಗಿ ಕೂಗಿದರು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ಬ್ರಿಟಿಷರ ಆಡಳಿತ ಕಟ್ಟಿಸಿದ ಥಿಯೇಟರ್. ಆಟವೂ ಅವರ ದೇಶದ್ದೇ. ಅವರು ಹೋಗಿ ಎಷ್ಟೋ ವರ್ಷ ಆದ ಮೇಲೆ, ಚೆನ್ನೈ ಮಕ್ಕಳ ಮುಂದೆ ಅದನ್ನು ಆಡಿದರೆ ಅದು ಸುಮ್ನೆ ನಕಲೇ? ಅಲ್ಲ ಅನ್ನೋದು ನನ್ನ ನಂಬಿಕೆ. ಯಾಕೆ ಅಂತ ಹೇಳಬೇಕಾದರೆ ಕಟ್ಟಡ, ಆಟ ಎರಡನ್ನೂ ಬಿಚ್ಚಿ ನೋಡಬೇಕು.

ಕಟ್ಟಡ

ಪ್ಯಾಂಥಿಯನ್ ಅನ್ನೋದು ಮ್ಯೂಸಿಯಂಗಿಂತ ಹಳೆಯ ಹೆಸರು. 18ನೇ ಶತಮಾನದ ಕೊನೆಯಲ್ಲಿ ಇದು ಮದ್ರಾಸಿನ ಇಂಗ್ಲಿಷರು ಸೇರುತ್ತಿದ್ದ ಜಾಗ. ಔತಣ, ಕುಣಿತ, ನಾಟಕ ಎಲ್ಲ ಇಲ್ಲೇ ನಡೆಯುತ್ತಿತ್ತು. 1851ರಲ್ಲಿ ಶುರುವಾದ ಮ್ಯೂಸಿಯಂ 1854ರಲ್ಲಿ ಈ ಜಾಗಕ್ಕೆ ಬಂತು. ಅಂದರೆ ನಾಟಕದ ನೆಲದ ಮೇಲೇ ಮ್ಯೂಸಿಯಂ ಬಂದು ಕೂತಿತು. 1896ರ ಹೊತ್ತಿಗೆ ಕನ್ನೆಮರ ಲೈಬ್ರರಿಯ ಜೊತೆಗೆ ಈ ಥಿಯೇಟರೂ ಎದ್ದು ನಿಂತಿತು.

ಇದನ್ನು ರೂಪಿಸಿದವರು ಹೆನ್ರಿ ಇರ್ವಿನ್. ಮೈಸೂರಿನವರಿಗೆ ಈ ಹೆಸರು ಗೊತ್ತಿರಲೇಬೇಕು. ಥಿಯೇಟರ್ ಎದ್ದ ಮರುವರ್ಷ, 1897ರಲ್ಲಿ, ಮೈಸೂರಿನ ಹಳೆಯ ಮರದ ಅರಮನೆ ಮದುವೆ ಸಂಭ್ರಮದ ನಡುವೆ ಬೆಂಕಿಗೆ ಸಿಕ್ಕಿತು. ಹೊಸ ಅರಮನೆಯ ಕೆಲಸ ಇರ್ವಿನ್‌ಗೆ ಬಂತು. 1912ರಲ್ಲಿ ಅದು ಮುಗಿಯಿತು. ದಸರಾದಲ್ಲಿ ನಾವು ದೀಪ ನೋಡಲು ನಿಲ್ಲುವುದು ಆ ಅರಮನೆಯ ಮುಂದೆಯೇ. ಶಿಮ್ಲಾದ ಗೇಯಟಿ ಥಿಯೇಟರ್ ಕೂಡ ಇರ್ವಿನ್ ಕೈಯದೇ. ಅದು 1887ರಲ್ಲಿ ತೆರೆಯಿತು. ಹಾಗಾಗಿ ಮ್ಯೂಸಿಯಂ ಥಿಯೇಟರ್ ಕಟ್ಟುವ ಹೊತ್ತಿಗೆ ಅವರಿಗೆ ರಂಗಮಂದಿರದ ಕೆಲಸ ಹೊಸದೇನಲ್ಲ. ಕಟ್ಟಿದ ಕಂಟ್ರಾಕ್ಟರ್ ನಂಬೆರುಮಾಳ್ ಚೆಟ್ಟಿ. ಮದ್ರಾಸ್ ಹೈಕೋರ್ಟ್ ಕಟ್ಟಿದವರೂ ಅವರೇ. ಇಂಗ್ಲಿಷರ ನಕ್ಷೆ ಇಟ್ಟಿಗೆಯಾಗಿದ್ದು ಇಲ್ಲಿನ ಮೇಸ್ತ್ರಿಗಳ ಕೈಯಲ್ಲಿ ಅನ್ನೋದು ನೆನಪಿರಲಿ.

ಒಳಗೆ ಸೀಟುಗಳು ಅರ್ಧಚಂದ್ರದ ಹಾಗೆ ವೇದಿಕೆಯನ್ನು ಸುತ್ತುವರಿದಿವೆ. ಸುಮಾರು 600 ಜನ ಕೂರಬಹುದು. ಈಗಿನ ದೊಡ್ಡ ಆಡಿಟೋರಿಯಂಗಳಿಗೆ ಹೋಲಿಸಿದರೆ ಚಿಕ್ಕದು. ಈ ಬಾಗು ಪ್ಯಾಂಟೊಗೆ ತುಂಬ ಮುಖ್ಯ. ಸಿನಿಮಾ ಹಾಲಿನ ಹಾಗೆ ನೇರ ಸಾಲುಗಳಿದ್ದರೆ ನಮಗೆ ಕಾಣುವುದು ಮುಂದಿನವರ ತಲೆ. ಇಲ್ಲಿ ಎದುರು ಬದಿಯವರ ಮುಖ ಕಾಣುತ್ತದೆ. ಒಂದು ಮಗು ಕೂಗಿದರೆ ಅತ್ತ ಕೂತ ಮಗು ಅದನ್ನು ನೋಡಿ ಕೂಗುತ್ತದೆ. ದನಿಯೂ ಚೆನ್ನಾಗಿ ತಲುಪುತ್ತದೆ. ಆಗ ಮೈಕ್ ಎಲ್ಲಿತ್ತು? ಮಾತು ಕೇಳಲಿ ಅಂತಲೇ ಕಟ್ಟಿದ ಹಾಲ್ ಇದು. ವೇದಿಕೆಯ ಮಾತು ಸೀಟಿಗೆ ಹೇಗೆ ಬರುತ್ತದೋ, ಸೀಟಿನ ಕೂಗೂ ಹಾಗೇ ವೇದಿಕೆಗೆ ಹೋಗುತ್ತದೆ.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಥಿಯೇಟರ್ ಏಳುವಾಗ ಈ ಮ್ಯೂಸಿಯಂನ ಮುಖ್ಯಸ್ಥರಾಗಿದ್ದವರು ಎಡ್ಗರ್ ಥರ್ಸ್ಟನ್. 1885ರಿಂದ 1908ರವರೆಗೆ ಅವರದೇ ಕಾರುಬಾರು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದವರು. ಜನರ ತಲೆ, ಮೂಗು ಅಳೆದು ಅಂಕಿ ಬರೆದುಕೊಳ್ಳುತ್ತಿದ್ದವರು. ಈ ಕಾಂಪೌಂಡಿನ ಗಾಳಿ ಆಗ ಹಾಗಿತ್ತು. ನೋಡುವವರು ಒಂದು ಕಡೆ, ನೋಡಿಸಿಕೊಳ್ಳುವವರು ಇನ್ನೊಂದು ಕಡೆ. ಊರಿನವರು ಎದುರು ಮಾತಾಡಲಿ ಅಂತ ಯಾರೂ ಕಾಯುತ್ತಿರಲಿಲ್ಲ.

ಆಟ

ಪ್ಯಾಂಟೊಮೈಮ್ ಅಂದ ಕೂಡಲೇ ನಮಗೆ ಮೂಕಾಭಿನಯ ನೆನಪಾಗುತ್ತದೆ. ಮುಖಕ್ಕೆ ಬಿಳಿ ಬಣ್ಣ, ಕಾಣದ ಗೋಡೆ ತಡವುವ ಕೈ. ಇಂಗ್ಲೆಂಡಿನಲ್ಲಿ ಆ ಪದದ ಅರ್ಥವೇ ಬೇರೆ. ಅಲ್ಲಿ ಪ್ಯಾಂಟೊ ಅಂದರೆ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳು, ಅಪ್ಪ ಅಮ್ಮ, ಅಜ್ಜಿ ತಾತ ಎಲ್ಲ ಒಟ್ಟಿಗೆ ಹೋಗಿ ನೋಡುವ ಗದ್ದಲದ ಆಟ. ಹಾಡು, ಕುಣಿತ, ಗೊತ್ತಿರುವ ಕಾಲ್ಪನಿಕ ಕಥೆ, ಊರಿನ ಸುದ್ದಿ, ಕೊನೆಗೆ ಮದುವೆ. ಮೌನ ಅಂತೂ ಇಲ್ಲವೇ ಇಲ್ಲ.

ಹೆಸರಿನ ಗೊಂದಲಕ್ಕೆ ಕಾರಣ ಇದೆ. 1717ರ ಆಸುಪಾಸಿನಲ್ಲಿ ಜಾನ್ ರಿಚ್ ಎಂಬಾತ ಲಂಡನ್ನಿನಲ್ಲಿ ಹಾರ್ಲೆಕ್ವಿನ್ ಅನ್ನೋ ತುಂಟ ಆಳಿನ ಪಾತ್ರ ಕಟ್ಟಿ ಆಡತೊಡಗಿದ. ಆ ಪಾತ್ರ ಇಟಲಿಯ ಬೀದಿ ನಟರದ್ದು. ರಿಚ್‌ನ ಹಾರ್ಲೆಕ್ವಿನ್ ಮಾತಾಡುತ್ತಿರಲಿಲ್ಲ, ಮೈಯಲ್ಲೇ ಎಲ್ಲ ಹೇಳುತ್ತಿದ್ದ. 1737ರಲ್ಲಿ ನಾಟಕದ ಮೇಲೆ ಕಟ್ಟುನಿಟ್ಟಿನ ಕಾನೂನು ಬಂತು. ಲಂಡನ್ನಿನಲ್ಲಿ ಮಾತಿನ ನಾಟಕ ಆಡುವ ಹಕ್ಕು ಲೈಸೆನ್ಸ್ ಇದ್ದ ಒಂದೆರಡು ಥಿಯೇಟರುಗಳಿಗೆ ಮಾತ್ರ ಉಳಿಯಿತು. ಉಳಿದವರು ಹಾಡು, ಕುಣಿತ, ಮೈಮಾತಿನಲ್ಲೇ ಬದುಕಬೇಕಾಯಿತು. 1806ರಲ್ಲಿ ಜೋಸೆಫ್ ಗ್ರಿಮಾಲ್ಡಿ ಎಂಬ ಕೋಡಂಗಿ ಕವೆಂಟ್ ಗಾರ್ಡನ್‌ನಲ್ಲಿ ಆಡಿದ ಪ್ಯಾಂಟೊ 92 ಪ್ರದರ್ಶನ ಕಂಡಿತು. 1843ರಲ್ಲಿ ಆ ಕಟ್ಟು ಸಡಿಲವಾಯಿತು. ಎಲ್ಲ ಥಿಯೇಟರಿಗೂ ಮಾತು ಬಂತು. ಬಂದ ಮಾತು ಮತ್ತೆ ನಿಲ್ಲಲಿಲ್ಲ.

1879ರಿಂದ ಡ್ರೂರಿ ಲೇನ್ ಥಿಯೇಟರನ್ನು ನಡೆಸಿದ ಅಗಸ್ಟಸ್ ಹ್ಯಾರಿಸ್, ಮ್ಯೂಸಿಕ್ ಹಾಲಿನ, ಅಂದರೆ ಸಾಮಾನ್ಯ ಜನರ ಹಾಡು-ಹಾಸ್ಯದ ಮಂದಿರಗಳ, ನಟರನ್ನು ಪ್ಯಾಂಟೊಗೆ ತಂದರು. ಡ್ಯಾನ್ ಲೆನೊ 1888ರಿಂದ 1904ರವರೆಗೆ ಅಲ್ಲಿ ಆಡಿದರು. ಬಡಪಾಯಿ ಹೆಂಗಸು, ವಿಧವೆ, ಅಡುಗೆಯವಳು, ಇಂಥ ಪಾತ್ರಗಳನ್ನು ಅವರು ಹಾಕಿದರು. 'ಡೇಮ್' ಅಂತ ಇವತ್ತು ಕರೆಯುವ, ಗಂಡಸು ಹಾಕುವ ಹೆಂಗಸಿನ ಹಾಸ್ಯ ಪಾತ್ರಕ್ಕೆ ಮೈ ಬಂದದ್ದು ಅಲ್ಲಿ. ಮ್ಯೂಸಿಯಂ ಥಿಯೇಟರ್ ತೆರೆದಾಗ ಲಂಡನ್ನಿನಲ್ಲಿ ಲೆನೊ ಹೆಸರು ಮನೆಮಾತಾಗಿತ್ತು. ಅಂದರೆ ಈ ಕಟ್ಟಡ, ನಾವು ಇವತ್ತು ನೋಡುವ ಪ್ಯಾಂಟೊ, ಎರಡೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು.

ಕಥೆಗಳ ಮೂಲ ನೋಡಿದರೆ ಇನ್ನೂ ಸ್ವಾರಸ್ಯ. ಸಿಂಡ್ರೆಲಾ ಫ್ರಾನ್ಸಿನ ಪೆರೋ 1697ರಲ್ಲಿ ಬರೆದ ಕಥೆಯ ದಾರಿಯಲ್ಲಿ ಬಂದವಳು. ಅಲ್ಲಾವುದ್ದೀನನ ಕಥೆ 'ಸಾವಿರದ ಒಂದು ರಾತ್ರಿ'ಯ ಹಳೆಯ ಅರಬ್ಬಿ ಪ್ರತಿಗಳಲ್ಲಿ ಇಲ್ಲವೇ ಇಲ್ಲ. ಸಿರಿಯಾದ ಅಲೆಪ್ಪೊ ಊರಿನ ಹನ್ನಾ ದಿಯಾಬ್ ಎಂಬ ಯುವಕ 1709ರಲ್ಲಿ ಪ್ಯಾರಿಸ್‌ನಲ್ಲಿ ಗಲಾಂ ಎಂಬ ಫ್ರೆಂಚ್ ಪಂಡಿತನಿಗೆ ಬಾಯಲ್ಲಿ ಹೇಳಿದ ಕಥೆ ಅದು. ಅದರ ಡೇಮ್ ಪಾತ್ರ, ಅಲ್ಲಾವುದ್ದೀನನ ತಾಯಿ, 'ವಿಧವೆ ಟ್ವಾಂಕಿ'. ಆ ಹೆಸರು 1861ರ ಒಂದು ಲಂಡನ್ ನಾಟಕದಲ್ಲಿ ಬಂತು. ಟ್ವಾಂಕೇ ಅನ್ನೋದು ಚೀನಾದಿಂದ ಬರುತ್ತಿದ್ದ ಒಂದು ಬಗೆಯ ಹಸಿರು ಟೀ.

ಇಟಲಿಯ ಪಾತ್ರ, ಫ್ರಾನ್ಸಿನ ಕಥೆ, ಸಿರಿಯಾದವನ ಬಾಯಿ, ಚೀನಾದ ಟೀ ಹೆಸರು. ಇದನ್ನೆಲ್ಲ ಕಲಸಿದ ಮೇಲೆ 'ಇಂಗ್ಲಿಷ್' ಅನ್ನೋ ಮುದ್ರೆ ಬಿತ್ತು. ಹಾಗಾದರೆ ಅದಕ್ಕೆ ಚೆನ್ನೈನವರು ತಮ್ಮ ಪಾಲಿನ ಒಗ್ಗರಣೆ ಹಾಕಿದರೆ ತಪ್ಪೇನು? ಊರಿನ ಹರಟೆ ಸೇರಿಸುವುದು ಪ್ಯಾಂಟೊದಲ್ಲಿ ಸಲಿಗೆಯ ಮಾತಲ್ಲ. ಅದು ಆಟದ ನಿಯಮ. ಲಂಡನ್ನಿನ ಪ್ಯಾಂಟೊದಲ್ಲಿ ಲಂಡನ್ನಿನ ಗಾಡಿ, ಲಂಡನ್ನಿನ ರಾಜಕಾರಣಿ. ಡಬ್ಲಿನ್‌ನಲ್ಲಿ ಆಡಿದರೆ ಡಬ್ಲಿನ್ನಿನ ಬೀದಿ. ಚೆನ್ನೈನಲ್ಲಿ ಆಡುವವರು ಊರಿನ ಟ್ರಾಫಿಕ್, ಆಟೋ, ಬಿಸಿಲು, ಫಿಲ್ಟರ್ ಕಾಫಿ ಬಿಟ್ಟು ಹಿಮದ ಬಗ್ಗೆ ಮಾತಾಡಿದರೆ ಅದೇ ಸುಳ್ಳು ಪ್ಯಾಂಟೊ.

ಲಿಟಲ್ ಥಿಯೇಟರ್‌ನವರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. ಅಲ್ಲಿಂದ ತಂದ ಸ್ಕ್ರಿಪ್ಟನ್ನು ಹಾಗೇ ಒಪ್ಪಿಸುವುದಿಲ್ಲ. ತಮ್ಮದೇ ಸ್ಕ್ರಿಪ್ಟ್ ಬರೆದುಕೊಳ್ಳುತ್ತಾರೆ. ಗೊತ್ತಿರುವ ಕಥೆಯನ್ನು ಬೇಕಾದ ಹಾಗೆ ತಿರುಗಿಸುತ್ತಾರೆ. ಇಂಗ್ಲಿಷ್ ಮಾತಿನ ನಡುವೆ ತಮಿಳು ಪದ ಸಲೀಸಾಗಿ ಬಂದು ಹೋಗುತ್ತದೆ. ಹಾಲ್ ಜಾಸ್ತಿ ನಗುವುದು ಅಲ್ಲೇ.

ರಸ್ತೆ ಪರದೆ

ನನಗೆ ತುಂಬ ಹಿಡಿಸಿದ್ದು ಪ್ಯಾಂಟೊದ ಒಳಗಿನ ಕಟ್ಟು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ಯಾಂಟೊದಲ್ಲಿ ಎರಡು ಬಗೆಯ ದೃಶ್ಯಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದು, ಇಡೀ ವೇದಿಕೆ ಬಳಸುವ ದೊಡ್ಡ ದೃಶ್ಯ. ಅರಮನೆ, ಹಡಗು, ಗುಹೆ. ಇನ್ನೊಂದು, ಪರದೆ ಎಳೆದು ಅದರ ಮುಂದೆ ಇಬ್ಬರು ಮೂವರು ನಿಂತು ಆಡುವ ಪುಟ್ಟ ದೃಶ್ಯ. ಆ ಹೊತ್ತಿನಲ್ಲಿ ಪರದೆ ಹಿಂದೆ ಕೆಲಸದವರು ಗುಹೆ ಎತ್ತಿ ಅರಮನೆ ಇಡುತ್ತಿರುತ್ತಾರೆ. ಮುಂದೆ ನಿಂತ ಹಾಸ್ಯಗಾರನ ಕೆಲಸ ಜನರನ್ನು ಹಿಡಿದಿಡುವುದು. ಹಿಂದೆ ಏನೋ ಬಿದ್ದ ಸದ್ದಾದರೆ ಅದನ್ನೂ ಮಾತಿಗೆ ಸೇರಿಸಿಕೊಳ್ಳುತ್ತಾನೆ. ಕೊನೆಯ ಮದುವೆ ದೃಶ್ಯಕ್ಕೆ ಎಲ್ಲರೂ ಬಟ್ಟೆ ಬದಲಿಸಬೇಕಲ್ವಾ? ಆಗ ಒಬ್ಬರು ಬಂದು ಮಕ್ಕಳಿಂದ ಹಾಡು ಹಾಡಿಸುತ್ತಾರೆ. ಎಡಗಡೆಯವರು ಜೋರೋ ಬಲಗಡೆಯವರು ಜೋರೋ ಅಂತ ಪೈಪೋಟಿ ಹಚ್ಚುತ್ತಾರೆ. ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ಒಳಗಿನವರಿಗೆ ಬಟ್ಟೆ ಬದಲಿಸಲು ನಾಲ್ಕು ನಿಮಿಷ ಸಿಕ್ಕಿತು.

ಇದನ್ನು ಓದುವಾಗ ಕಂಪನಿ ನಾಟಕ ನೋಡಿದವರಿಗೆ ಏನೋ ನೆನಪಾಗುತ್ತಿರಬೇಕು. ನಮ್ಮ ವೃತ್ತಿ ಕಂಪನಿಗಳಲ್ಲಿ ರಸ್ತೆ ಪರದೆ, ಕಾಡು ಪರದೆ, ದರ್ಬಾರ್ ಸೀನ್ ಇತ್ತಲ್ಲ. ರಸ್ತೆ ಪರದೆ ಬಿತ್ತು ಅಂದರೆ ಹಾಸ್ಯದವರು ಬಂದರು ಅಂತ ಅರ್ಥ. ಅವರು ಜನರನ್ನು ನಗಿಸುತ್ತಿದ್ದಾಗ ಹಿಂದೆ ದರ್ಬಾರ್ ಸಿದ್ಧವಾಗುತ್ತಿತ್ತು. ಎರಡೂ ಕಡೆ ಒಂದೇ ಉಪಾಯ.

ಇದು ಆಕಸ್ಮಿಕ ಅಲ್ಲ. ಬಾಂಬೆಯ ಗ್ರಾಂಟ್ ರೋಡ್ ಥಿಯೇಟರ್ 1846ರಲ್ಲಿ ತೆರೆಯಿತು. ಅಲ್ಲಿ ಇಂಗ್ಲಿಷ್ ಮಾದರಿಯ ವೇದಿಕೆ, ಬಣ್ಣದ ಪರದೆ, ಯಂತ್ರದ ಚಮತ್ಕಾರ ನೋಡಿದ ಪಾರ್ಸಿಗಳು 1853ರಿಂದ ತಮ್ಮ ನಾಟಕ ಶುರು ಮಾಡಿದರು. ನೋಡನೋಡುತ್ತಿದ್ದಂತೆ ಕಾಡು ಅರಮನೆಯಾಗುವ 'ಟ್ರಾನ್ಸ್‌ಫರ್ ಸೀನ್' ಅವರ ಹೆಮ್ಮೆ. ಲಂಡನ್ ಪ್ಯಾಂಟೊದಲ್ಲೂ ಇಂಥ ರೂಪಾಂತರದ ದೃಶ್ಯವೇ ಜನರನ್ನು ಎಳೆಯುತ್ತಿತ್ತು. ಪಾರ್ಸಿ ಕಂಪನಿಗಳು ಊರೂರು ಸುತ್ತಿದವು. ಅವರ ಪರದೆ, ಅವರ ಹೊಳಪು ನಮ್ಮ ಕಂಪನಿಗಳಿಗೂ ಬಂತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಅದನ್ನು ಎಲ್ಲಿಗೆ ಒಯ್ದಿತು ಅಂತ ನಮಗೆ ಗೊತ್ತೇ ಇದೆ. 'ಕುರುಕ್ಷೇತ್ರ'ಕ್ಕೆ ವೇದಿಕೆ ಮೇಲೆ ನಿಜವಾದ ಆನೆ ಕುದುರೆ ತಂದವರು ಅವರು. ಗುಬ್ಬಿ ವೀರಣ್ಣನವರ ಹೆಸರು ಬೆಳೆದದ್ದು ಹಾಸ್ಯ ಪಾತ್ರಗಳಲ್ಲಿ. 'ಸದಾರಮೆ'ಯ ಕಳ್ಳನನ್ನು ನೋಡಲೆಂದೇ ಜನ ಬರುತ್ತಿದ್ದರು.

ಹಾಗಾಗಿ ನಾನು ಎಗ್ಮೋರ್‌ನಲ್ಲಿ ಕೂತು ಪರದೆ ಮುಂದಿನ ಹಾಸ್ಯ ನೋಡುವಾಗ ಪರದೇಶದ ಆಟ ಅನ್ನಿಸಲೇ ಇಲ್ಲ. ದೂರದ ನೆಂಟರ ಮನೆಗೆ ಮೊದಲ ಸಲ ಹೋದಾಗ ಅವರ ಗೋಡೆ ಮೇಲೆ ನಮ್ಮ ತಾತನ ಫೋಟೋ ಕಂಡ ಹಾಗಾಯಿತು.

ಮದ್ರಾಸಿಗೂ ನಮ್ಮ ಕಡೆಗೂ ಇನ್ನೊಂದು ನಂಟಿದೆ. ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿಯ ಊರು. ಅಲ್ಲಿನ ಧರ್ಮವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ 1891ರಲ್ಲಿ ಮದ್ರಾಸಿಗೆ ಹೋಗಿ ತೆಲುಗು ನಾಟಕ ಆಡಿತು. ಓದಿದ, ಗೌರವಸ್ಥ ಮನೆಗಳ ಜನ ಬಣ್ಣ ಹಚ್ಚಿ ನಿಂತದ್ದನ್ನು ನೋಡಿ ಹದಿನೆಂಟರ ಹುಡುಗ ಪಮ್ಮಲ್ ಸಂಬಂಧ ಮುದಲಿಯಾರ್ ಬೆರಗಾದರು. ಅದೇ ವರ್ಷ ಸುಗುಣ ವಿಲಾಸ ಸಭಾ ಕಟ್ಟಿದರು. ಮದ್ರಾಸಿನ ಹವ್ಯಾಸಿ ರಂಗಭೂಮಿ ಅಲ್ಲಿಂದ ಚಿಗುರಿತು. ಮ್ಯೂಸಿಯಂ ಥಿಯೇಟರ್ ಏಳುವುದಕ್ಕೆ ಐದು ವರ್ಷ ಮೊದಲೇ ಊರಿನವರು ತಮ್ಮ ನಾಟಕ ತಾವೇ ಆಡಿಕೊಳ್ಳುತ್ತಿದ್ದರು ಅಂತಾಯಿತು.

ಡೇಮ್ ಮತ್ತು ಮುದುಕಿ

ಗಂಡಸು ಸೀರೆ ಉಟ್ಟು ಬಂದರೆ ನಮಗೆ ಅದರಲ್ಲಿ ಹೊಸದೇನೂ ಇಲ್ಲ. ಆದರೆ ಡೇಮ್ ಪಾತ್ರವನ್ನು ನಮ್ಮ ಸ್ತ್ರೀವೇಷಕ್ಕೆ ಹೋಲಿಸುವುದು ತಪ್ಪು. ಯಕ್ಷಗಾನದ ಸ್ತ್ರೀವೇಷದವರು ನಮಗೆ ಗಂಡಸು ಅನ್ನೋದನ್ನೇ ಮರೆಸುತ್ತಾರೆ. ದನಿ, ನಡಿಗೆ, ಕಣ್ಣು, ಎಲ್ಲದರಲ್ಲೂ ಹೆಣ್ಣಾಗುವುದೇ ಅವರ ಸಾಧನೆ. ಡೇಮ್ ಹಾಗಲ್ಲ. ಗಂಡಸು ಅನ್ನೋದು ಎಲ್ಲರಿಗೂ ಗೊತ್ತಿರಬೇಕು. ದಪ್ಪ ದನಿ, ದೊಡ್ಡ ಬೂಟು, ಮೇಲೆ ಬಣ್ಣಬಣ್ಣದ ಗೌನು.

ನಮ್ಮಲ್ಲಿ ಇದಕ್ಕೆ ಹತ್ತಿರದ ಪಾತ್ರ ಹಾಸ್ಯಗಾರ ಹಾಕುವ ಮುದುಕಿ. ಬಗ್ಗಿದ ಸೊಂಟ, ಕೋಲು, ಭಾಗವತರ ಜೊತೆ ಜಗಳ, ಪ್ರೇಕ್ಷಕರಲ್ಲಿ ಒಬ್ಬರನ್ನು ನೋಡಿ ಒಂದು ಮಾತು. ಕಥೆಯೊಳಗೂ ಇರುತ್ತಾಳೆ, ಹೊರಗೂ ಇರುತ್ತಾಳೆ. ಡೇಮ್ ಕೂಡ ಹೀಗೇ. ಬರುವಾಗಲೇ ಮಕ್ಕಳಿಗೆ ನಮಸ್ಕಾರ ಹೇಳಿ, ಉತ್ತರ ಸಾಲದು ಅಂತ ಇನ್ನೊಮ್ಮೆ ಕೇಳುತ್ತಾಳೆ. ಮುಂದಿನ ಸಾಲಿನ ಯಾರೋ ಅಪ್ಪನನ್ನು ಆರಿಸಿಕೊಂಡು ಆಟ ಮುಗಿಯೋವರೆಗೂ ಬಿಡುವುದಿಲ್ಲ. ಆ ಅಪ್ಪ ನಾಚಿ ಕೆಂಪಾದಷ್ಟೂ ಅವರ ಮಗುವಿಗೆ ಖುಷಿ. ಮನೆಯಲ್ಲಿ ಜೋರು ಮಾಡುವ ಅಪ್ಪ ಇಲ್ಲಿ ಸಿಕ್ಕಿಬಿದ್ದನಲ್ಲ!

ಡೇಮ್ ಚೆನ್ನಾಗಿ ಆದರೆ ಪ್ಯಾಂಟೊ ಗೆದ್ದಂತೆ. ಇಲ್ಲದಿದ್ದರೆ ಎಷ್ಟು ಬೆಳಕು ಚೆಲ್ಲಿದರೂ ಅಷ್ಟೇ. ಹೆಣ್ಣನ್ನು ಕೀಳಾಗಿ ತೋರಿಸಿ ನಗಿಸುವುದು ಸುಲಭ. ನಮ್ಮ ಕಂಪನಿ ನಾಟಕಗಳೂ ಆಮೇಲಾಮೇಲೆ ಆ ಹಳ್ಳಕ್ಕೆ ಬಿದ್ದವು. ಒಳ್ಳೆಯ ಡೇಮ್ ತಾಯಿ. ಬಡವಿ, ಸಾಲಗಾರರಿಂದ ತಪ್ಪಿಸಿಕೊಳ್ಳುವವಳು, ಮಗನಿಗಾಗಿ ಏನನ್ನೂ ಮಾಡುವವಳು. ಮಕ್ಕಳು ಅವಳನ್ನು ನೋಡಿ ನಗುತ್ತಾರೆ, ಆದರೆ ಅವಳ ಕಡೆಗೇ ಇರುತ್ತಾರೆ. ಆಡುವವರು ಇದನ್ನು ಮರೆಯಬಾರದು ಅನ್ನೋದು ನನ್ನ ಬಲವಾದ ಅಭಿಪ್ರಾಯ.

ಹಾಲಿನ ಮರ್ಯಾದೆ

ಹಳೆಯ ರಂಗಮಂದಿರಕ್ಕೆ ಹೋದಾಗ ನಾವು ತಾನಾಗಿಯೇ ದನಿ ತಗ್ಗಿಸುತ್ತೇವೆ. ಕಮಾನು, ಕಂಬ, ಎತ್ತರದ ಸೂರು, ಎಲ್ಲ ಸೇರಿ 'ಸುಮ್ಮನಿರು' ಅನ್ನುತ್ತವೆ. ಬಾಲ್ಯದಲ್ಲಿ ಇಂಥ ಒಂದು ಸಭಾಂಗಣದಲ್ಲಿ ನಕ್ಕಿದ್ದಕ್ಕೆ ನನ್ನನ್ನು ಹೊರಗೆ ಕಳಿಸಿದ್ದರು. ನಾಟಕದಲ್ಲಿ ನಗುವ ಜಾಗದಲ್ಲೇ ನಕ್ಕಿದ್ದೆ, ಸ್ವಲ್ಪ ಜೋರಾಗಿ ಅಷ್ಟೇ. ಎಷ್ಟೋ ವರ್ಷ ನನಗೆ ನಾಟಕ ಅಂದರೆ ಬಾಯಿಗೆ ಕೈ ಇಟ್ಟುಕೊಳ್ಳುವ ಅಭ್ಯಾಸವಾಗಿತ್ತು.

ಪ್ಯಾಂಟೊ ಇದನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಸುಮ್ಮನೆ ಕೂತವರೇ ಆಟ ಕೆಡಿಸಿದಂತೆ. ಕೆಟ್ಟವನು ಬಂದರೆ ಛೀ ಅನ್ನಬೇಕು. ಸಂಪ್ರದಾಯದಂತೆ ಅವನು ವೇದಿಕೆಯ ಎಡಬದಿಯಿಂದ ಬರುತ್ತಾನೆ, ಒಳ್ಳೆಯ ಯಕ್ಷಿಣಿ ಬಲಬದಿಯಿಂದ. ಅವನು 'ಹೌದು' ಅಂದರೆ ಮಕ್ಕಳು 'ಇಲ್ಲ' ಅನ್ನಬೇಕು. ಮತ್ತೆ 'ಹೌದು', ಮತ್ತೆ 'ಇಲ್ಲ'. ಆರು ನೂರು ಜನರಲ್ಲಿ ಅರ್ಧದಷ್ಟು ಮಕ್ಕಳು ಅಂದರೂ, ಮುನ್ನೂರು ಗಂಟಲು ಒಬ್ಬ ದೊಡ್ಡ ಮನುಷ್ಯನಿಗೆ ಎದುರುತ್ತರ ಕೊಡುತ್ತವೆ. ಜನರ ಮೂಗು ಅಳೆದು ಪುಸ್ತಕದಲ್ಲಿ ಬರೆದ ಮ್ಯೂಸಿಯಂನ ಅಂಗಳದಲ್ಲಿ, ಅದೇ ಊರಿನ ಮಕ್ಕಳು ವೇದಿಕೆಗೆ 'ಸುಳ್ಳು!' ಅಂತ ಕೂಗುತ್ತವೆ. ಕಟ್ಟಿಸಿದವರ ಮರ್ಯಾದೆ ಪಾಠ ಇಲ್ಲಿ ಮುರಿದು ಬೀಳುತ್ತದೆ. ಅದನ್ನು ಮುರಿಯುವ ಉಪಾಯವೂ ಅವರ ಊರಿನದೇ, ಬಡವರು ತುಂಬಿಕೊಳ್ಳುತ್ತಿದ್ದ ಅಲ್ಲಿನ ಮ್ಯೂಸಿಕ್ ಹಾಲ್‌ಗಳಲ್ಲಿ ಬೆಳೆದದ್ದು.

ಇದೇ ಡಿಸೆಂಬರ್ ಹೊತ್ತಿನಲ್ಲಿ ಚೆನ್ನೈನ ಮೈಲಾಪುರ, ಟಿ. ನಗರದ ಕಡೆ ಮಾರ್ಗಳಿ ಅನ್ನೋ ತಮಿಳು ತಿಂಗಳ ಸಂಗೀತದ ಕಚೇರಿಗಳು ನಡೆಯುತ್ತಿರುತ್ತವೆ. ಅಲ್ಲಿ ತಾಳ ಹಾಕುತ್ತಾ, ತಲೆದೂಗುತ್ತಾ ಕೇಳುವ ಶಿಸ್ತು. ಇಲ್ಲಿ ಗಂಟಲು ಹರಿಯುವ ಕೂಗು. ಒಂದೇ ಊರು, ಒಂದೇ ತಿಂಗಳು. ಎರಡಕ್ಕೂ ಹೋಗುವ ಕುಟುಂಬಗಳೂ ಇವೆ. ಚೆನ್ನೈನ ಈ ಗುಣ ನನಗೆ ಇಷ್ಟ.

ತಂಡದ ಇನ್ನೊಂದು ಕೆಲಸವನ್ನೂ ಇಲ್ಲಿ ಹೇಳಬೇಕು. ಲಿಟಲ್ ಥಿಯೇಟರ್‌ನವರು ಆಸ್ಪತ್ರೆಗಳಲ್ಲಿ ಕೋಡಂಗಿ ವೇಷ ಹಾಕಿಕೊಂಡು ಕಾಯಿಲೆಯ ಮಕ್ಕಳ ಹತ್ತಿರ ಹೋಗುತ್ತಾರೆ. ಪ್ಯಾಂಟೊದಲ್ಲಿ ಮುನ್ನೂರು ಮಕ್ಕಳನ್ನು ಕೂಗಿಸುವ ಕಲೆಯೇ ಅಲ್ಲಿ ಒಂದೇ ಮಂಚದ ಪಕ್ಕ ಮೆಲ್ಲಗೆ ಕೆಲಸ ಮಾಡಬೇಕು. ಮಗು ನಗಲೇಬೇಕು ಅಂತ ಒತ್ತಾಯ ಇಲ್ಲ. ಅದು 'ಬೇಡ' ಅಂದರೆ ಕೋಡಂಗಿ ಹಿಂದೆ ಸರಿಯಬೇಕು. ಮಗುವಿನ ಮಾತಿಗೆ ಬೆಲೆ ಇದೆ ಅನ್ನೋದು ಎರಡೂ ಕಡೆ ಒಂದೇ.

ತೊಡಕು

ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ದೊಡ್ಡ ತೊಡಕು ಭಾಷೆಯದು. ಎಷ್ಟೇ ತಮಿಳು ಬೆರೆಸಿದರೂ ಇದು ಇಂಗ್ಲಿಷ್ ಆಟ. ಇಂಗ್ಲಿಷ್ ಮೀಡಿಯಂ ಮಕ್ಕಳೇ ಜಾಸ್ತಿ ಬರುತ್ತಾರೆ. ಅದೇ ಎಗ್ಮೋರ್‌ನ ಗಲ್ಲಿಗಳಲ್ಲಿ ಬೆಳೆಯುವ ಎಷ್ಟೋ ಮಕ್ಕಳಿಗೆ ಮ್ಯೂಸಿಯಂನ ತಿಮಿಂಗಿಲ ಗೊತ್ತು, ಪಕ್ಕದ ಥಿಯೇಟರಿನ ಒಳಗು ಗೊತ್ತಿಲ್ಲ. 1896ರಲ್ಲಿ ಬಾಗಿಲು ಯಾರಿಗೆ ತೆರೆದಿತ್ತು ಅನ್ನೋದಕ್ಕೆ ಮೈಬಣ್ಣ ಕಾರಣ. ಈಗ ಭಾಷೆ, ದುಡ್ಡು. ನನ್ನ ಅಕ್ಕನ ಮಗಳು ಕನ್ನಡದಲ್ಲಿ ಕೂಗಿದಳು ನಿಜ. ಆದರೆ ಅವಳನ್ನು ಟಿಕೆಟ್ ತೆಗೆದು ಕರೆದುಕೊಂಡು ಹೋಗಲು ಒಬ್ಬ ಮಾಮ ಇದ್ದ.

ಇನ್ನೊಂದು, ಕಥೆಗಳ ಒಳಗಿನ ಹಳೆಯ ಕೊಳೆ. ವಿಕ್ಟೋರಿಯಾ ಕಾಲದ ಪ್ಯಾಂಟೊಗಳಲ್ಲಿ ಚೀನಾದವರು, ಅರಬ್ಬರು, ಆಫ್ರಿಕಾದವರು ಅಂದರೆ ನಗೆಯ ಸರಕು. ಸಿಂದಬಾದನನ್ನೋ ಅಲ್ಲಾವುದ್ದೀನನನ್ನೋ ಎತ್ತಿಕೊಂಡರೆ ಆ ಕೊಳೆಯೂ ಜೊತೆಗೇ ಬರುತ್ತದೆ. ಇಂಗ್ಲೆಂಡಿನಲ್ಲೇ ಈಗ ಇದರ ಬಗ್ಗೆ ಚರ್ಚೆ ಇದೆ. ನಾವು ಆಡುವಾಗ ಇನ್ನೂ ಎಚ್ಚರ ಬೇಕು. ನಮ್ಮನ್ನು ನೋಡಿ ನಕ್ಕವರ ಕಣ್ಣಿನಿಂದಲೇ ನಾವು ಬೇರೆಯವರನ್ನು ನೋಡಬಾರದು. ಸ್ಕ್ರಿಪ್ಟ್ ಹೊಸದಾಗಿ ಬರೆಯುವುದರ ನಿಜವಾದ ಲಾಭ ಇಲ್ಲಿದೆ ಅಂತ ನನಗನ್ನಿಸುತ್ತದೆ.

ರೈಲಿನಲ್ಲಿ

ಆಟ ಮುಗಿದ ಮೇಲೆ ರಾತ್ರಿ ಸೆಂಟ್ರಲ್‌ನಿಂದ ಬೆಂಗಳೂರು ರೈಲು ಹಿಡಿದೆವು. ಮೇಲಿನ ಬರ್ತ್‌ನಲ್ಲಿ ಮಲಗಿದ್ದವಳು ಅರಕ್ಕೋಣದ ಹತ್ತಿರ ತಲೆ ಇಳಿಬಿಟ್ಟು ಕೇಳಿದಳು: 'ಮಾಮ, ಇದನ್ನ ಕನ್ನಡದಲ್ಲಿ ಎಲ್ಲಿ ಆಡ್ತಾರೆ?'

ನಮ್ಮಲ್ಲಿ ಮಕ್ಕಳ ನಾಟಕ ಇಲ್ಲ ಅಂತಲ್ಲ. ಬಿ.ವಿ. ಕಾರಂತರು ಮಕ್ಕಳ ರಂಗಭೂಮಿಗೆ ಜೀವ ತುಂಬಿದವರು. ಮೈಸೂರಿನ ರಂಗಾಯಣದಲ್ಲಿ ಬೇಸಿಗೆಗೆ ಚಿಣ್ಣರ ಮೇಳ ನಡೆಯುತ್ತದೆ. ಆದರೆ ಅಲ್ಲಿ ಆಡುವವರು ಮಕ್ಕಳು. ದೊಡ್ಡವರು ಆಡಿ, ಮಕ್ಕಳು ಕೂಗಿ, ತಾತ ಅಜ್ಜಿ ಪಕ್ಕದಲ್ಲಿ ಕೂತು ನಗುವ, ವರ್ಷಕ್ಕೊಮ್ಮೆ ತಪ್ಪದೆ ಬರುವ ಆಟ ಅವಳು ಕೇಳಿದ್ದು. ಮೈಸೂರಿನಲ್ಲಿ 1884ರ ರಂಗಾಚಾರ್ಲು ಪುರಭವನ ಇದೆ. ಅದೂ ಆ ಕಾಲದ್ದೇ. ದಸರಾ ರಜೆಯಲ್ಲಿ ಅಲ್ಲಿ ಇಂಥದ್ದೊಂದು ಆಡಿದರೆ? ರಸ್ತೆ ಪರದೆ ಎಳೆಯುವುದು ನಮಗೆ ಗೊತ್ತು. ಮುದುಕಿ ವೇಷದವರು ಇದ್ದಾರೆ. ಕಥೆಗೆ ಅಲ್ಲಾವುದ್ದೀನನೇ ಬೇಕಿಲ್ಲ. ತೆನಾಲಿ ರಾಮಕೃಷ್ಣ ಸಾಕು, ಅವನ ಬೆನ್ನ ಹಿಂದೆ ಒಬ್ಬ ಕಳ್ಳ ಬಂದರೆ ಆಯಿತು.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. ಪ್ಯಾಂಟೊದವರ ಒಂದು ಹಳೆಯ ನಂಬಿಕೆ ಹೇಳಿದೆ. ರಿಹರ್ಸಲ್‌ನಲ್ಲಿ ನಾಟಕದ ಕೊನೆಯ ಎರಡು ಸಾಲು ಹೇಳುವ ಹಾಗಿಲ್ಲ. ಹೇಳಿದರೆ ಅಪಶಕುನ. ಎದುರಿಗೆ ಜನ ಕೂತ ದಿನವೇ ಅದನ್ನು ಮೊದಲ ಸಲ ಹೇಳಬೇಕು.

'ಯಾಕೆ?' ಅಂದಳು.

'ನೀವು ಇಲ್ಲದೆ ಅದು ಮುಗಿಯೋದಿಲ್ಲ, ಅದಕ್ಕೆ' ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಭುಜದ ಆಚೆ ನೋಡಿ ಕಣ್ಣು ಅಗಲಿಸಿ, 'ಮಾಮ, ಹಿಂದೆ!' ಅಂದಳು. ನಾನು ತಿರುಗಿ ನೋಡಿದೆ. ಟೀ ಮಾರುವವನು ನಿಂತಿದ್ದ.